ನವೀಕರಿಸಬಹುದಾದ ಇಂಧನದ ಗುರಿಗೆ ಸಂಜೆಯ ಲೆಕ್ಕವೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ದೇಶದ ಒಟ್ಟು ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಈಗ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲ ಅಲ್ಲದ) ಮೂಲಗಳದ್ದು ಎಂದು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. 2030ಕ್ಕೆ ತಲುಪಬೇಕಿದ್ದ ಮಟ್ಟವನ್ನು ಐದು ವರ್ಷ ಮೊದಲೇ ತಲುಪಿದ್ದು ಸಣ್ಣ ಸಾಧನೆಯೇನೂ ಅಲ್ಲ. ಆದರೆ ಆ ಪ್ರಕಟಣೆಯ ಬಳಿಕ ಪತ್ರಿಕೆಗಳಲ್ಲಿ ನಡೆಯುತ್ತಿರುವ ಚರ್ಚೆ ಮೂರು ಪಂಗಡಗಳಾಗಿ ಒಡೆದಿದೆ. ಬಿಸಿಲು ಮತ್ತು ಗಾಳಿಯೇ ಸಾಕು, ಅಣು ವಿದ್ಯುತ್ ಬೇಡ ಎನ್ನುವವರು ಒಂದು ಕಡೆ. ಅಣು ಸ್ಥಾವರಗಳಿಲ್ಲದೆ ಕಲ್ಲಿದ್ದಲಿನಿಂದ ಬಿಡುಗಡೆಯೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಹಸಿರು ಹೈಡ್ರೋಜನ್ (ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆದದ್ದು) ಮತ್ತು ಅದರಿಂದ ತಯಾರಿಸುವ ಕೃತಕ ಪೆಟ್ರೋಲ್, ಡೀಸೆಲ್ ಬಂದರೆ ಈ ಜಗಳವೇ ಮುಗಿಯುತ್ತದೆ ಎನ್ನುವವರು ಮತ್ತೊಂದು ಕಡೆ. ರಾಜ್ಯದ ವಿದ್ಯುತ್ ಪ್ರಸರಣ ವ್ಯವಸ್ಥೆಯಲ್ಲಿ ದುಡಿದು ನಿವೃತ್ತನಾಗಿರುವ ನನಗೆ ಈ ಮೂರೂ ವಾದಗಳಲ್ಲಿ ಕಾಣುವ ಕೊರತೆ ಒಂದೇ. ಎಲ್ಲರೂ ಮೆಗಾವ್ಯಾಟ್ ಎಣಿಸುತ್ತಿದ್ದಾರೆ. ಯಾವ ತಿಂಗಳು, ಯಾವ ಹೊತ್ತಿನಲ್ಲಿ, ಎಷ್ಟು ಯೂನಿಟ್ ಸಿಗುತ್ತದೆ ಎಂಬ ಲೆಕ್ಕವನ್ನು ಯಾರೂ ಮುಂದಿಡುತ್ತಿಲ್ಲ.

ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಾಲು ಪಡೆದ ಬಳಿಕವೂ ದೇಶದಲ್ಲಿ ವರ್ಷವಿಡೀ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಇದರಲ್ಲಿ ಮೋಸವೇನಿಲ್ಲ, ಅಳತೆಗೋಲಿನ ದೋಷವಿದೆ. ಪಾವಗಡದ ಸೌರ ಪಾರ್ಕನ್ನೇ ನೋಡಿ. ಸುಮಾರು 13,000 ಎಕರೆಯಲ್ಲಿ ಹರಡಿರುವ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಕೈಗಾ ಅಣು ಸ್ಥಾವರದ ನಾಲ್ಕು ಘಟಕಗಳದ್ದು ಒಟ್ಟು 880 ಮೆಗಾವ್ಯಾಟ್. ಗುರಿಯ ಪಟ್ಟಿಯಲ್ಲಿ ಪಾವಗಡ ಕೈಗಾದ ಎರಡು ಪಟ್ಟಿಗಿಂತ ದೊಡ್ಡದು. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ಸೌರ ಫಲಕಗಳು ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಶೇ 20ರಿಂದ 22ರಷ್ಟು ಮಾತ್ರ ಕೊಡುತ್ತವೆ, ಅಣು ಸ್ಥಾವರ ಶೇ 80ಕ್ಕೂ ಹೆಚ್ಚು ಕೊಡಬಲ್ಲದು. ಗುಣಿಸಿ ನೋಡಿದರೆ ಪಾವಗಡದಿಂದ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್, ಕೈಗಾದಿಂದ ಸುಮಾರು 650 ಕೋಟಿ ಯೂನಿಟ್. (ಕೈಗಾದ ವಿದ್ಯುತ್ತಿನಲ್ಲಿ ನಮ್ಮ ರಾಜ್ಯಕ್ಕೆ ಬರುವುದು ಒಂದು ಪಾಲು ಮಾತ್ರ ಎಂಬುದನ್ನು ಮರೆಯುವಂತಿಲ್ಲ, ಉಳಿದದ್ದು ನೆರೆ ರಾಜ್ಯಗಳಿಗೆ ಹೋಗುತ್ತದೆ.)

ಇದನ್ನು ಸೌರ ವಿದ್ಯುತ್ತಿನ ವಿರುದ್ಧದ ವಾದವೆಂದು ಯಾರೂ ಓದಬಾರದು. ಹರಾಜಿನಲ್ಲಿ ಯೂನಿಟ್‌ಗೆ ಎರಡೂವರೆ ರೂಪಾಯಿಯ ಆಸುಪಾಸಿಗೆ ಸಿಗುವ ವಿದ್ಯುತ್ ನಮ್ಮಲ್ಲಿ ಬೇರೆ ಯಾವುದೂ ಇಲ್ಲ, ಮತ್ತು ಅಷ್ಟು ಬೇಗ ಕಟ್ಟಿ ಮುಗಿಸಬಹುದಾದದ್ದೂ ಇಲ್ಲ. ಪಾವಗಡದಲ್ಲಿ ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಂತೆ ಪಡೆದ ಕ್ರಮ, ಅದರ ಒಳಗಿನ ಕುಂದುಕೊರತೆ ಏನೇ ಇರಲಿ, ದೇಶಕ್ಕೆ ಮಾದರಿಯಾಯಿತು. ಭೂಮಿಯಿಲ್ಲದ ಕೂಲಿಕಾರರಿಗೆ ಆ ಗುತ್ತಿಗೆ ಹಣದಲ್ಲಿ ಏನೂ ದಕ್ಕಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಸಂಜೆ ಆರೂವರೆಗೆ ಪಾವಗಡದಿಂದ ಬರುವ ವಿದ್ಯುತ್ ಹೆಚ್ಚುಕಡಿಮೆ ಸೊನ್ನೆ, ಮತ್ತು ಮನೆಮನೆಯಲ್ಲಿ ದೀಪ, ಫ್ಯಾನ್, ಮಿಕ್ಸಿ ಒಟ್ಟಿಗೆ ಚಾಲೂ ಆಗುವುದು ಅದೇ ಹೊತ್ತಿನಲ್ಲಿ.

2023ರ ಅಕ್ಟೋಬರ್ ತಿಂಗಳನ್ನು ರಾಜ್ಯದ ರೈತರು ಮರೆತಿರಲಾರರು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಒಣಗುತ್ತಿದ್ದ ಪೈರಿಗೆ ನೀರು ಹಾಯಿಸಲು ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡತೊಡಗಿದವು, ಮುಂಗಾರಿನ ಗಾಳಿ ಕುಗ್ಗಿ ಗದಗ, ಚಿತ್ರದುರ್ಗದ ಗಾಳಿಯಂತ್ರಗಳ ಉತ್ಪಾದನೆ ಇಳಿಯಿತು. ಕೃಷಿ ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರೀ ಫೇಸ್ ವಿದ್ಯುತ್ತನ್ನು ಐದು ಗಂಟೆಗೆ ಇಳಿಸಬೇಕಾಯಿತು; ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಮಾರಬೇಕೆಂದು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಆದೇಶ ಹೊರಡಿಸಬೇಕಾಯಿತು; ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ಮುಂದೆ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ ತರಬೇಕಾಯಿತು. ನವೀಕರಿಸಬಹುದಾದ ಇಂಧನದ ಸಾಮರ್ಥ್ಯದಲ್ಲಿ ದೇಶದ ಮುಂಚೂಣಿಯಲ್ಲಿದ್ದ ರಾಜ್ಯಕ್ಕೆ ಬಂದ ಪರಿಸ್ಥಿತಿ ಇದು. ಆ ವರ್ಷದ ಕೊರತೆ ಸಂಜೆಯ ಎರಡು ಗಂಟೆಗಳದ್ದಾಗಿರಲಿಲ್ಲ. ವಾರಗಟ್ಟಲೆ ಮುಂದುವರಿದ, ಋತುವಿಗೆ ಸಂಬಂಧಿಸಿದ ಕೊರತೆಯಾಗಿತ್ತು. ಎರಡರಿಂದ ನಾಲ್ಕು ಗಂಟೆ ವಿದ್ಯುತ್ ಕೊಡಬಲ್ಲ ಬ್ಯಾಟರಿಗಳನ್ನು ಎಷ್ಟು ಸಾಲಾಗಿ ಜೋಡಿಸಿದರೂ ಅಂಥ ಅಕ್ಟೋಬರ್ ಅನ್ನು ದಾಟಲು ಅವಷ್ಟೇ ಸಾಲವು.

ಅಣು ವಿದ್ಯುತ್ತಿನ ಪರವಾದ ವಾದಕ್ಕೆ ನಿಜವಾದ ಬಲ ಸಿಗುವುದು ಇಲ್ಲಿ. ಮಳೆ ಬರಲಿ ಬಿಡಲಿ, ಗಾಳಿ ಬೀಸಲಿ ಬಿಡಲಿ, ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅದೂ ನಮ್ಮವರೇ ವಿನ್ಯಾಸ ಮಾಡಿದ, ಕಟ್ಟಿದ, ನಡೆಸುತ್ತಿರುವ 220 ಮೆಗಾವ್ಯಾಟ್‌ನ ಘಟಕ. ಅಲ್ಲಿಯೇ 700 ಮೆಗಾವ್ಯಾಟ್‌ನ ಐದು ಮತ್ತು ಆರನೇ ಘಟಕಗಳಿಗೆ 2017ರಲ್ಲಿ ಒಪ್ಪಿಗೆ ಸಿಕ್ಕಿ, 2025ರ ಏಪ್ರಿಲ್‌ನಲ್ಲಿ ನಿರ್ಮಾಣದ ಮುಖ್ಯ ಗುತ್ತಿಗೆ ನೀಡಲಾಯಿತು. ಅವು ಓಡಲಾರಂಭಿಸಿದರೆ ವರ್ಷಕ್ಕೆ ಸುಮಾರು ಸಾವಿರ ಕೋಟಿ ಯೂನಿಟ್ ಸೇರುತ್ತದೆ. ಈ ಎರಡು ಘಟಕಗಳನ್ನು ಮುಗಿಸಬೇಕೆಂಬುದೇ ನನ್ನ ಅಭಿಪ್ರಾಯ.

ಆದರೆ ಎರಡು ಘಟಕಗಳನ್ನು ಒಪ್ಪುವುದಕ್ಕೂ 2047ಕ್ಕೆ 100 ಗಿಗಾವ್ಯಾಟ್ (ಒಂದು ಲಕ್ಷ ಮೆಗಾವ್ಯಾಟ್) ಅಣು ವಿದ್ಯುತ್ ಎಂಬ ಘೋಷಣೆಯನ್ನು ನಂಬುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ಕ್ಷೇತ್ರದ ಗುರಿಗಳ ಇತಿಹಾಸ ಯಾರನ್ನಾದರೂ ಎಚ್ಚರಿಸಬೇಕು. 2000ನೇ ಇಸವಿಯ ಹೊತ್ತಿಗೆ 10,000 ಮೆಗಾವ್ಯಾಟ್ ಎಂದು 1980ರ ದಶಕದಲ್ಲಿ ಗುರಿ ಇಡಲಾಗಿತ್ತು. 2000ದಲ್ಲಿ ನಮ್ಮಲ್ಲಿ ಇದ್ದದ್ದು 2,720 ಮೆಗಾವ್ಯಾಟ್. ಬಳಿಕ 2020ಕ್ಕೆ 20,000 ಎಂಬ ಮಾತು ಕೇಳಿಬಂತು. 2025ರಲ್ಲಿಯೂ ಒಟ್ಟು ಸಾಮರ್ಥ್ಯ 9,000 ಮೆಗಾವ್ಯಾಟ್ ಮುಟ್ಟಿರಲಿಲ್ಲ, ದೇಶದ ವಿದ್ಯುತ್ತಿನಲ್ಲಿ ಅದರ ಪಾಲು ಶೇ 3ರ ಆಸುಪಾಸಿನಲ್ಲೇ ಇತ್ತು. ಅಂದರೆ ಇಪ್ಪತ್ತೈದು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 250 ಮೆಗಾವ್ಯಾಟ್‌ನಷ್ಟೂ ಸೇರಿಸಲಾಗಲಿಲ್ಲ. 2047ರ ಗುರಿ ಮುಟ್ಟಲು ವರ್ಷಕ್ಕೆ 4,000ಕ್ಕೂ ಹೆಚ್ಚು ಮೆಗಾವ್ಯಾಟ್ ಸೇರಿಸಬೇಕು. ಕಕ್ರಪಾರದ ಮೂರನೇ ಘಟಕ, 700 ಮೆಗಾವ್ಯಾಟ್ ಮಾದರಿಯಲ್ಲಿ ಮೊದಲನೆಯದು, 2010ರಲ್ಲಿ ಕಾಂಕ್ರೀಟ್ ಕಂಡು 2023ರ ಜೂನ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಕಲ್ಪಾಕ್ಕಂನ 500 ಮೆಗಾವ್ಯಾಟ್‌ನ ಫಾಸ್ಟ್ ಬ್ರೀಡರ್ ಸ್ಥಾವರದ ಕಾಮಗಾರಿ ಶುರುವಾದದ್ದು 2004ರಲ್ಲಿ. ಅದರ ಕೋರ್ (ಇಂಧನ ಕೂರುವ ಒಡಲು) ತುಂಬುವ ಕೆಲಸ ಆರಂಭವಾದದ್ದು 2024ರ ಮಾರ್ಚ್‌ನಲ್ಲಿ. ಸಣ್ಣ ಮಾಡ್ಯುಲರ್ ರಿಯಾಕ್ಟರ್‌ಗಳಿಗೆಂದು (ಭಾಗಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಜೋಡಿಸುವ ಚಿಕ್ಕ ಅಣು ಸ್ಥಾವರಗಳು) 2025ರ ಬಜೆಟ್‌ನಲ್ಲಿ 20,000 ಕೋಟಿ ರೂಪಾಯಿ ಘೋಷಿಸಿ, 2033ರೊಳಗೆ ಐದನ್ನು ಓಡಿಸುವುದಾಗಿ ಹೇಳಲಾಗಿದೆ. ಒಳ್ಳೆಯದೇ. ಆದರೆ ಇನ್ನೂ ಕಟ್ಟದ ಯಂತ್ರದ ಭರವಸೆಯ ಮೇಲೆ ಇಂದು ಕಟ್ಟಬಹುದಾದ ಸೌರ, ಗಾಳಿ ಮತ್ತು ಸಂಗ್ರಹ ಯೋಜನೆಗಳನ್ನು ನಿಧಾನಿಸಿದರೆ ಆ ಜಾಗವನ್ನು ತುಂಬುವುದು ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲೇ.

ಉತ್ತರ ಕನ್ನಡದವರ ಸಂಶಯವನ್ನು 'ಅಭಿವೃದ್ಧಿ ವಿರೋಧ' ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳು, ಕೈಗಾ, ಸೀಬರ್ಡ್ ನೌಕಾನೆಲೆ, ಇಷ್ಟಕ್ಕೂ ಜಾಗ ಕೊಟ್ಟದ್ದು ಒಂದೇ ಜಿಲ್ಲೆ. ಕೈಗಾದ ನಿರ್ಮಾಣದ ಹೊತ್ತಿನಲ್ಲಿ, 1994ರ ಮೇ ತಿಂಗಳಲ್ಲಿ, ಸ್ಥಾವರದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿ ಬಿದ್ದಿತ್ತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರೀಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಬೆರೆತು ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿತ್ತು. ಎರಡರಿಂದಲೂ ಹೊರಗಿನ ಜನರಿಗೆ ಹಾನಿಯಾಗಲಿಲ್ಲ; ಎರಡನೆಯದು ಒಳಗಿನವರ ಕೃತ್ಯವೆಂದೇ ಅಂದು ಹೇಳಲಾಯಿತು. ಹಾಗಿದ್ದರೂ ಜನ ಕೇಳುವ ಪ್ರಶ್ನೆ ನೇರವಾದದ್ದು: ಏನಾದರೂ ಆದರೆ ಹೊಣೆ ಯಾರದ್ದು? 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಯಲ್ಲಿ ದೋಷಯುಕ್ತ ಯಂತ್ರ ಪೂರೈಸಿದ ಕಂಪನಿಯಿಂದ ಪರಿಹಾರದ ಹಣ ವಸೂಲು ಮಾಡುವ ಹಕ್ಕನ್ನು ಸ್ಥಾವರ ನಡೆಸುವವರಿಗೆ ಕೊಡಲಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾಯ್ದೆ ಖಾಸಗಿ ಕಂಪನಿಗಳಿಗೆ ಅಣು ವಿದ್ಯುತ್ತಿನ ಬಾಗಿಲು ತೆರೆಯುವಾಗ ಆ ಹಕ್ಕನ್ನು ಕೈಬಿಟ್ಟಿದೆ. ಅಣು ಸುರಕ್ಷತೆಯನ್ನು ನೋಡಿಕೊಳ್ಳುವ ನಿಯಂತ್ರಣ ಮಂಡಳಿಗೆ ಶಾಸನದ ಬಲ ಕೊಟ್ಟಿರುವುದು ಅದರಲ್ಲಿರುವ ಒಳ್ಳೆಯ ಅಂಶ. ಆದರೆ ಹೊಣೆಯನ್ನು ಸಡಿಲಿಸಿ ವೇಗ ಪಡೆಯುವ ಲೆಕ್ಕಾಚಾರ ಈ ಕ್ಷೇತ್ರದಲ್ಲಿ ತಿರುಗುಬಾಣವಾಗಬಹುದು, ಏಕೆಂದರೆ ಅಣು ಸ್ಥಾವರಗಳ ವಿಳಂಬಕ್ಕೆ ಇರುವ ಕಾರಣಗಳಲ್ಲಿ ಸ್ಥಳೀಯರ ಅಪನಂಬಿಕೆಯೂ ದೊಡ್ಡದೇ, ಮತ್ತು ಅದು ಕಾನೂನು ಸಡಿಲಿಸಿದರೆ ಕಡಿಮೆಯಾಗುವ ಬಗೆಯದಲ್ಲ.

ಇನ್ನು ಕೃತಕ ಇಂಧನಗಳು. ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವುದು, ಅದನ್ನು ಗಾಳಿಯಿಂದಲೋ ಚಿಮಣಿಯಿಂದಲೋ ಹಿಡಿದ ಇಂಗಾಲದ ಡೈ ಆಕ್ಸೈಡ್‌ನೊಂದಿಗೆ ಸೇರಿಸಿ ಪೆಟ್ರೋಲ್ ಅಥವಾ ವಿಮಾನದ ಇಂಧನ ಮಾಡುವುದು. ಇದರ ಹಿಂದಿನ ರಸಾಯನಶಾಸ್ತ್ರ ಹೊಸದೇನಲ್ಲ. ಫಿಶರ್ ಮತ್ತು ಟ್ರಾಪ್ಶ್ ಜರ್ಮನಿಯಲ್ಲಿ 1920ರ ದಶಕದಲ್ಲೇ ಕಲ್ಲಿದ್ದಲಿನ ಅನಿಲದಿಂದ ದ್ರವ ಇಂಧನ ಮಾಡಿ ತೋರಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕಾ, ಕಚ್ಚಾ ತೈಲ ಸಿಗದ ಇಕ್ಕಟ್ಟಿನಲ್ಲಿ ಇಂಥ ವಿಧಾನಗಳನ್ನು ಅವಲಂಬಿಸಿದ್ದವು. ಆದುದರಿಂದ 'ಕೃತಕ' ಎಂದ ಕೂಡಲೇ 'ಹಸಿರು' ಎಂದು ತಿಳಿಯಬೇಕಿಲ್ಲ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿ ಪರಿವರ್ತಿಸುವ ಗುರಿಯೂ, ಅದಕ್ಕೆ 8,500 ಕೋಟಿ ರೂಪಾಯಿಯ ನೆರವೂ ಇದೇ ಕೇಂದ್ರ ಸರ್ಕಾರದ್ದೇ. ಒಂದು ಕೈಯಲ್ಲಿ ಹಸಿರು ಹೈಡ್ರೋಜನ್, ಇನ್ನೊಂದು ಕೈಯಲ್ಲಿ ಕಲ್ಲಿದ್ದಲಿನ ಅನಿಲ. ಎರಡೂ ಸ್ವಾವಲಂಬನೆಯ ಹೆಸರಿನಲ್ಲೇ ನಡೆಯುತ್ತಿವೆ.

ಹಸಿರು ಮೂಲದ ಕೃತಕ ಪೆಟ್ರೋಲನ್ನೇ ತೆಗೆದುಕೊಂಡರೂ ಲೆಕ್ಕ ಕಠಿಣವಾಗಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಯೂನಿಟ್. ಅದನ್ನು ವಿದ್ಯುತ್ತಿನಿಂದ ತಯಾರಿಸಲು ಸುಮಾರು 20 ಯೂನಿಟ್ ಬೇಕು, ಏಕೆಂದರೆ ನೀರನ್ನು ಒಡೆಯುವಾಗ, ಇಂಗಾಲವನ್ನು ಹಿಡಿಯುವಾಗ, ಎರಡನ್ನೂ ಸೇರಿಸುವಾಗ ಪ್ರತಿ ಹಂತದಲ್ಲೂ ಶಾಖವಾಗಿ ನಷ್ಟವಾಗುತ್ತದೆ. ಆ ಒಂದು ಲೀಟರಿನಲ್ಲಿ ಸಾಧಾರಣ ಕಾರು 15ರಿಂದ 18 ಕಿಲೋಮೀಟರ್ ಓಡುತ್ತದೆ. ಅದೇ 20 ಯೂನಿಟ್ಟನ್ನು ನೇರವಾಗಿ ವಿದ್ಯುತ್ ಕಾರಿನ ಬ್ಯಾಟರಿಗೆ ತುಂಬಿದರೆ 120 ಕಿಲೋಮೀಟರ್ ದಾಟುತ್ತದೆ. ಇಷ್ಟು ವ್ಯತ್ಯಾಸವಿರುವಾಗ ರಸ್ತೆಯ ವಾಹನಗಳಿಗೆ ಕೃತಕ ಪೆಟ್ರೋಲ್ ಎನ್ನುವುದು ಹಾಲನ್ನು ತುಪ್ಪ ಮಾಡಿ ಅದರಲ್ಲಿ ದೀಪ ಹಚ್ಚಿದಂತೆ. ಯುರೋಪಿನಲ್ಲಿ 2035ರ ನಂತರವೂ ಇಂಥ ಇಂಧನದ ಕಾರುಗಳಿಗೆ ಅವಕಾಶ ಇರಬೇಕೆಂದು ಜರ್ಮನಿ 2023ರಲ್ಲಿ ಹಟ ಹಿಡಿದು ಗೆದ್ದದ್ದನ್ನು ನಮ್ಮಲ್ಲಿ ಕೆಲವರು ಸಾಕ್ಷಿಯಾಗಿ ತೋರಿಸುತ್ತಾರೆ. ಆ ನಿರ್ಧಾರದಲ್ಲಿ ಅಲ್ಲಿನ ಕಾರು ಉದ್ಯಮದ ಹಿತವೂ ಅಡಗಿತ್ತು ಎಂಬುದನ್ನು ಅವರು ಹೇಳುವುದಿಲ್ಲ.

ವಿಮಾನದ ಮಾತು ಬೇರೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದೆ, ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್. ದೇವನಹಳ್ಳಿಯಿಂದ ಲಂಡನ್‌ಗೆ ಹಾರುವ ವಿಮಾನವನ್ನು ಸದ್ಯ ಯಾವ ಬ್ಯಾಟರಿಯೂ ಎತ್ತಲಾರದು. ಅಂತರರಾಷ್ಟ್ರೀಯ ಹಾರಾಟಗಳ ಇಂಧನದಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5ರಷ್ಟು ಸುಸ್ಥಿರ ಇಂಧನ ಬೆರೆಸುವ ನಮ್ಮ ಗುರಿ ಈ ಕಾರಣಕ್ಕೆ ಸಮಂಜಸವಾಗಿದೆ.

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿ ಒಪ್ಪಲಾಯಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಒಂದು ಕಿಲೋ ಹೈಡ್ರೋಜನ್‌ಗೆ ಕನಿಷ್ಠ 50 ಯೂನಿಟ್ ಎಂದರೂ 25,000 ಕೋಟಿ ಯೂನಿಟ್ ಬೇಕು, ಇದು ದೇಶದ ಇಂದಿನ ವಾರ್ಷಿಕ ಉತ್ಪಾದನೆಯ ಸುಮಾರು ಏಳನೇ ಒಂದು ಪಾಲು. ನೀರಿನ ವಿಷಯದಲ್ಲಿ ಮಾತ್ರ ವಿರೋಧಿಗಳ ಗಾಬರಿ ಅತಿಯಾಯಿತು ಎನ್ನಬೇಕು. ಕಿಲೋಗೆ 9 ಲೀಟರ್ ನೀರಿನ ಲೆಕ್ಕದಲ್ಲಿ ಇಡೀ ದೇಶದ ಗುರಿಗೆ ಒಂದೂವರೆ ಟಿಎಂಸಿ ಅಡಿಗಿಂತ ತುಸು ಹೆಚ್ಚು ಸಾಕು, ಶುದ್ಧೀಕರಣ ಮತ್ತು ತಂಪುಗೊಳಿಸುವಿಕೆ ಸೇರಿದರೂ ಅದು ಕೆಲವೇ ಟಿಎಂಸಿ. ಕಾವೇರಿ, ಕೃಷ್ಣೆಯ ಹಂಚಿಕೆಯ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರುವ ನಮ್ಮ ಓದುಗರಿಗೆ ಇದು ಎಷ್ಟು ಸಣ್ಣದೆಂದು ಹೇಳಬೇಕಾಗಿಲ್ಲ. ಘಟಕವನ್ನು ಎಲ್ಲಿ ಕಟ್ಟುತ್ತಾರೆ ಎಂಬುದಷ್ಟೇ ಮುಖ್ಯ. ಈ ಹೈಡ್ರೋಜನ್ ಮೊದಲು ಹೋಗಬೇಕಾದದ್ದು ಈಗಾಗಲೇ ಹೈಡ್ರೋಜನ್ ಬಳಸುತ್ತಿರುವ ಕಡೆಗೆ: ಮಂಗಳೂರಿನ ತೈಲ ಶುದ್ಧೀಕರಣ ಘಟಕ, ಪಣಂಬೂರಿನ ರಸಗೊಬ್ಬರ ಕಾರ್ಖಾನೆ. ಆ ಬಳಿಕ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಿಗೆ, ಆಮೇಲೆ ವಿಮಾನಗಳಿಗೆ. ಬಸ್ಸು, ಕಾರುಗಳ ಸರದಿ ಬರುವುದೇ ಅನುಮಾನ.

ಹಾಗಾದರೆ ಸಂಜೆಯ ಕೊರತೆಗೆ ಏನು ಮಾಡಬೇಕು? ಕರ್ನಾಟಕ ಅರಿತೋ ಅರಿಯದೆಯೋ ಒಂದು ಒಳ್ಳೆಯ ಕೆಲಸ ಮಾಡಿದೆ. ರಾತ್ರಿ ಹೊತ್ತು ಹೊಲದಲ್ಲಿ ಹಾವು ಚೇಳಿನ ನಡುವೆ ನೀರು ಹಾಯಿಸುತ್ತಿದ್ದ ರೈತನಿಗೆ ಹಗಲಿನಲ್ಲೇ ತ್ರೀ ಫೇಸ್ ಕೊಡತೊಡಗಿದ ಮೇಲೆ ರಾಜ್ಯದ ಗರಿಷ್ಠ ಬೇಡಿಕೆ, 2024ರ ಬೇಸಿಗೆಯಲ್ಲಿ 17,000 ಮೆಗಾವ್ಯಾಟ್ ದಾಟಿದ್ದು, ಬಿಸಿಲಿರುವ ಹೊತ್ತಿಗೆ ಸರಿದಿದೆ. ಬ್ಯಾಟರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಸಾವಿರಾರು ಮೆಗಾವ್ಯಾಟ್ ಹೊರೆಯನ್ನು ಸೂರ್ಯನ ಸಮಯಕ್ಕೆ ಹೊಂದಿಸಿದಂತಾಯಿತು. ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ನುಗಳ ಪಕ್ಕದಲ್ಲೇ ಸೌರ ಘಟಕ ಕಟ್ಟಿ ಕೃಷಿ ಫೀಡರ್‌ಗಳಿಗೆ ಕೊಡುವ ಕೆಲಸ ಇದರ ಮುಂದುವರಿಕೆ, ಅದು ಚುರುಕಾಗಬೇಕು. ಮನೆಯ ತಾರಸಿಯ ಕಥೆ ಹಾಗಿಲ್ಲ. 2022ಕ್ಕೆ 175 ಗಿಗಾವ್ಯಾಟ್ ನವೀಕರಿಸಬಹುದಾದ ಇಂಧನ ಎಂಬ ಹಳೆಯ ರಾಷ್ಟ್ರೀಯ ಗುರಿ ಸುಮಾರು 120ಕ್ಕೆ ನಿಂತಾಗ ಬಹಳ ಹಿಂದೆ ಬಿದ್ದದ್ದು ತಾರಸಿ ಸೌರ ವಿದ್ಯುತ್ತೇ. 200 ಯೂನಿಟ್‌ವರೆಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯ ಯಜಮಾನ, ಕೇಂದ್ರದ ಸಬ್ಸಿಡಿ ಎಷ್ಟೇ ಇರಲಿ, ತಾರಸಿಯ ಮೇಲೆ ಫಲಕ ಹಾಕಿಸುವುದಾದರೂ ಏಕೆ? ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದನ್ನೊಂದು ಎಳೆಯುತ್ತಿವೆ.

ಸಂಗ್ರಹಕ್ಕೆ ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯೇ ಉತ್ತರವೆಂದು ಸರ್ಕಾರ ಹೇಳುತ್ತಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಅಣೆಕಟ್ಟೆ ಬೇಡ ಎಂಬುದು ನಿಜ. ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ ಸಂಜೆ ಬಿಟ್ಟರೆ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ವಾಪಸ್ ಸಿಗುತ್ತದೆ ಎಂಬುದೂ ನಿಜ. ಆದರೆ ಸುರಂಗ, ರಸ್ತೆ ಮತ್ತು ಲೈನುಗಳು ಹಾಯುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ, ಲಿಂಗನಮಕ್ಕಿ ಅಣೆಕಟ್ಟೆಯಿಂದ ಮನೆ, ಜಮೀನು ಮುಳುಗಡೆಯಾದವರ ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಸೀಮೆಯಲ್ಲಿ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತೆಂಬ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಪಕ್ಕದ ಆಂಧ್ರದ ಪಿನ್ನಾಪುರಂನಲ್ಲಿ ನದಿಯ ಪಾತ್ರದಿಂದ ದೂರ, ಒಣಗುಡ್ಡದ ಮೇಲೆ 1,680 ಮೆಗಾವ್ಯಾಟ್‌ನ ಇಂಥದೇ ಯೋಜನೆ ಎದ್ದಿದೆ. ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ಅಂಥ ಜಾಗಗಳನ್ನು ಎಷ್ಟರ ಮಟ್ಟಿಗೆ ಹುಡುಕಲಾಯಿತು, ಬೆಲೆ ವೇಗವಾಗಿ ಇಳಿದಿರುವ ಬ್ಯಾಟರಿಯೊಂದಿಗೆ ಶರಾವತಿಯ ವೆಚ್ಚವನ್ನು ಯಾವ ವರ್ಷದ ದರದಲ್ಲಿ ಹೋಲಿಸಲಾಯಿತು ಎಂಬುದನ್ನು ಕೆಪಿಸಿಎಲ್ (ರಾಜ್ಯದ ವಿದ್ಯುತ್ ಉತ್ಪಾದನಾ ನಿಗಮ) ಸಾರ್ವಜನಿಕರ ಮುಂದಿಡಬೇಕು.

ಆದ್ದರಿಂದ ರಾಜ್ಯ ಸರ್ಕಾರಕ್ಕೂ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೂ ನನ್ನ ಕೋರಿಕೆ ಇದು. ಮುಂದಿನ ಇಂಧನ ನೀತಿಯಲ್ಲಿ ಮೆಗಾವ್ಯಾಟ್‌ನ ಗುರಿಯ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಕಡ್ಡಾಯವಾಗಿ ಮುದ್ರಿಸಲಿ: ಸಂಜೆ ಆರರಿಂದ ಹತ್ತರವರೆಗೆ ಕಲ್ಲಿದ್ದಲಿಲ್ಲದೆ ಕೊಡಬಲ್ಲ ಯೂನಿಟ್‌ಗಳೆಷ್ಟು, ಮತ್ತು ಮಳೆ ಕೈಕೊಟ್ಟ ವರ್ಷದ ಅಕ್ಟೋಬರ್‌ನಲ್ಲಿ ಕೊಡಬಲ್ಲವೆಷ್ಟು. ಎಸ್ಕಾಂಗಳ (ವಿದ್ಯುತ್ ಸರಬರಾಜು ಕಂಪನಿಗಳ) ದರ ಪರಿಷ್ಕರಣೆಯ ವಿಚಾರಣೆಗೆ ಮುನ್ನ ಪ್ರತಿವರ್ಷ ಅವನ್ನು ಪ್ರಕಟಿಸಲಿ. ಶರಾವತಿ ಕಣಿವೆಯಲ್ಲಿ ಮರಗಳಿಗೆ ಕೊಡಲಿ ಹಾಕುವ ಮೊದಲು, ಆ ಯೋಜನೆ ಈ ಎರಡು ಅಂಕಿಗಳಲ್ಲಿ ಯಾವುದನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಎಂಜಿನಿಯರ್,
ಶಿರಸಿ, ಉತ್ತರ ಕನ್ನಡ